ಲೋಳೆಯಕ್ಕ ಕಾಯ್ದ ಕೊಳವೆ

ಅವಳ ಎಡಗೈ ಮುರಿದವನು ಬೇರೆ ಯಾರೂ ಅಲ್ಲ, ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ತಾಯಿಯನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ, ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಅಕ್ಕನ ಮುಂಗೈಯನ್ನು ಅಡ್ಡವಾಗಿ ಇಟ್ಟು, ಸೌದೆ ಮುರಿಯುವವನ ಹಾಗೆ ಇಡೀ ಮೈಭಾರ ಹಾಕಿದ. ಲಟಕ್ಕೆಂದ ಸದ್ದು ಪಕ್ಕದ ಮನೆಗೂ ಕೇಳಿಸಿತು. ಅವಳು ಕಿರುಚಲಿಲ್ಲ. ಕಿರುಚಿದವನು ಅವನೇ.

ಕಾರಣವಾದದ್ದು ಒಂದು ಮಾತು. ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ, ಯಾರೂ ಕೇಳದಿದ್ದರೂ, “ಅವತ್ತು ವಾಲ್ವು ತೆರೆದದ್ದು ನಾನೇ ಕಣೋ” ಅಂದಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಕೈ ಉಳಿಯುತ್ತಿತ್ತು. ಆದರೆ ನುಂಗಿಕೊಂಡು ಬದುಕುವುದು ಅವಳಿಗೆ ಒಗ್ಗಿದ ವಿದ್ಯೆಯಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಹಿಂಭಾಗದಲ್ಲಿ, ಕೊಳೆನೀರನ್ನು ತಿಳಿಮಾಡುವ ತಗಡಿನ ಶೆಡ್ಡಿನಲ್ಲಿ. ಬಣ್ಣದ ಮನೆಯ ಇಪ್ಪತ್ತು ಕಡಾಯಿಗಳ ಬಿಸಿನೀರು, ಬಣ್ಣ, ಕಾಸ್ಟಿಕ್ ಸೋಡಾ ಎಲ್ಲವೂ ಮೊದಲು ಅಲ್ಲಿನ ಸಂಗ್ರಹ ತೊಟ್ಟಿಗೆ ಬಂದು ಬೀಳಬೇಕು. ಅಲ್ಲಿಂದ ಔಷಧ ಬೆರೆಸುವ ತೊಟ್ಟಿಗೆ, ಆಮೇಲೆ ಕೊಳೆ ಕೂರುವ ತೊಟ್ಟಿಗೆ, ಕೊನೆಗೆ ತಿಳಿನೀರು ಕಾಲುವೆಗೆ. ಇದು ಗೋಡೆಯ ಮೇಲಿನ ನಕ್ಷೆ ಹೇಳುವ ದಾರಿ. ನಕ್ಷೆಯಲ್ಲಿ ಇಲ್ಲದ, ನೆಲದಲ್ಲಿ ಮಾತ್ರ ಇದ್ದ ಇನ್ನೊಂದು ದಾರಿಯೂ ಉಂಟು: ಸಂಗ್ರಹ ತೊಟ್ಟಿಯ ಬುಡದಿಂದ ನೇರವಾಗಿ ಕಾಲುವೆಗೆ ಹೋಗುವ, ತೊಡೆಗಾತ್ರದ ಒಂದು ಕೊಳವೆ. ಅದಕ್ಕೊಂದು ವಾಲ್ವು, ವಾಲ್ವಿಗೊಂದು ಕಬ್ಬಿಣದ ಚಕ್ರ.

ಒಂದು ದಿನ ಮಧ್ಯಾಹ್ನ ಧಣಿಯ ಫೋನು ಬಂತು. “ತೊಟ್ಟಿ ತುಂಬಿ ಚೆಲ್ತಾ ಇದೆಯಂತಲ್ಲ. ಇಪ್ಪತ್ತು ನಿಮಿಷ ಬಿಟ್ಟು ಮುಚ್ಚಿಬಿಡಮ್ಮ. ಯಾರು ನೋಡ್ತಾರೆ.” ಅವಳು ಚಕ್ರ ತಿರುಗಿಸಿದಳು. ಗಡಿಯಾರ ನೋಡಿಕೊಂಡು, ಸರಿಯಾಗಿ ಇಪ್ಪತ್ತು ನಿಮಿಷಕ್ಕೆ ಮುಚ್ಚಿದಳು.

ಕೆಳಗೆ ಕಾಲುವೆಯಲ್ಲಿ ಅವಳ ತಾಯಿ ಮೊಣಕಾಲುದ್ದ ನೀರಿನಲ್ಲಿ ನಿಂತು ಯಾರದೋ ಮನೆಯ ಪರದೆ ಒಗೆಯುತ್ತಿದ್ದಳು. ಊರ ಬಟ್ಟೆ ಒಗೆದೇ ಇಬ್ಬರು ಮಕ್ಕಳನ್ನು ಸಾಕಿದವಳು. ಸಕ್ಕರೆ ಕಾಯಿಲೆಯಿಂದ ಅವಳ ಪಾದಗಳಿಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ನೀರು ಕೆಂಪಾಗಿ ಬಂದದ್ದನ್ನು ಕಂಡು, ದಡದ ಕಲ್ಲಿನ ಮೇಲೆ ಕುಳಿತಿದ್ದ ಗೆಳತಿಗೆ “ಇವತ್ತು ನನ್ನ ಮಗಳು ಕೆಂಪು ಕಳಿಸಿದಾಳೆ ನೋಡೆ” ಎಂದು ನಕ್ಕಳಂತೆ. ಬಿಸಿಯೂ ತಿಳಿಯಲಿಲ್ಲ, ಉರಿಯೂ ತಿಳಿಯಲಿಲ್ಲ. ಪರದೆ ಹಿಂಡಿ ಮುಗಿಸುವವರೆಗೂ ನಿಂತೇ ಇದ್ದಳು. ಮೇಲೆ ಬಂದು ಕಾಲು ಒರೆಸಿಕೊಂಡಾಗ ಚರ್ಮ ಬಟ್ಟೆಯ ಜೊತೆಗೇ ಎದ್ದು ಬಂತು. ಆಸ್ಪತ್ರೆಯಲ್ಲಿ ಮೊದಲು ಬೆರಳು ಕತ್ತರಿಸಿದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ನಲವತ್ತೊಂದನೆಯ ದಿನ ಕತ್ತರಿಸುವ ಅಗತ್ಯವೇ ಮುಗಿಯಿತು.

ತಾಯಿಯನ್ನು ಮಣ್ಣು ಮಾಡಿದ ಎಂಟು ದಿನದ ಮೇಲೆ ಮಗಳು ಕೈಗೆ ಹಾಕಿದ ಪಟ್ಟಿಯೊಡನೆಯೇ ಕೆಲಸಕ್ಕೆ ಬಂದಳು. ಬಂದವಳು ಮೊದಲು ಮಾಡಿದ ಕೆಲಸ, ಒಂದೇ ಕೈಯಲ್ಲಿ ವಾಲ್ವಿನ ಚಕ್ರವನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡದ್ದು. ಚಕ್ರ ಎಲ್ಲಿ ಎಂದು ಧಣಿ ಕೇಳಿದಾಗ, “ನಮ್ಮನೇಲಿದೆ. ಬಿಸಿ ಪಾತ್ರೆ ಇಳಿಸೋಕೆ ಅನುಕೂಲ ಆಗಿದೆ” ಅಂದಳು. “ನಾನು ಇಲ್ಲಿರೋವರೆಗೂ ಆ ವಾಲ್ವು ತಿರುಗಲ್ಲ. ಬೇಕಾದ್ರೆ ನನ್ನ ತೆಗೆದುಹಾಕಿ.”

ತೆಗೆದುಹಾಕುವುದು ಧಣಿಗೆ ಅಷ್ಟು ಸುಲಭವಾಗಿರಲಿಲ್ಲ. ತಾಯಿಯ ಸಂಗತಿ ಬಾಯಿಗೆ ಬಂದೀತು ಎಂಬ ಅಂಜಿಕೆ ಒಂದು ಕಡೆ. ಇನ್ನೊಂದು ಕಡೆ ಅವಳ ಕೈಗುಣ. ಅವಳಂತೆ ಪುಡಿ ಕಲಸುವವರು ಆ ಸುತ್ತಿನಲ್ಲಿ ಇನ್ನೊಬ್ಬರಿರಲಿಲ್ಲ.

ಆ ಪುಡಿಯ ಹೆಸರು ಪಾಲಿಮರ್. ನೋಡಲು ಸಕ್ಕರೆಯಂತೆ. ಒಂದೊಂದು ಕಣದೊಳಗೂ ಕಣ್ಣಿಗೆ ಕಾಣದ ಉದ್ದನೆಯ ನೂಲು ಸುರುಳಿ ಸುತ್ತಿಕೊಂಡು ಕುಳಿತಿರುತ್ತದೆ. ನೀರು ಸೋಕಿದರೆ ಬಿಚ್ಚಿಕೊಂಡು ಹರಡಿ, ಸಿಕ್ಕಿದ ಕೊಳೆಯನ್ನೆಲ್ಲ ತಬ್ಬಿಕೊಂಡು ಗಂಟುಗಂಟಾಗಿ ತಳಕ್ಕೆ ಇಳಿಯುತ್ತದೆ. ಸಾವಿರ ಲೀಟರಿಗೆ ಒಂದು ಕಿಲೋ, ಅಷ್ಟೇ. ಅದನ್ನೂ ಒಮ್ಮೆಲೇ ಸುರಿಯುವಂತಿಲ್ಲ. ಬಿತ್ತನೆಯವರ ಹಾಗೆ ಬೆರಳ ಸಂದಿಯಿಂದ ಉದುರಿಸಬೇಕು. ಇಲ್ಲವಾದರೆ ನೀರಿನಲ್ಲಿ ಮೀನಿನ ಕಣ್ಣಿನಂಥ ಉಂಡೆಗಳು ಏಳುತ್ತವೆ, ಎಷ್ಟು ಕಲಕಿದರೂ ಕರಗುವುದಿಲ್ಲ. ಜೋರಾಗಿ ಕಲಕಿದರೆ ನೂಲು ತುಂಡಾಗುತ್ತದೆ, ಮತ್ತೆ ಕೂಡುವುದಿಲ್ಲ. ದಿನವೂ ಬೆಳಿಗ್ಗೆ ಆರು ಗಾಜಿನ ಪಾತ್ರೆಗಳಲ್ಲಿ ಆ ದಿನದ ಕೊಳೆನೀರು ತುಂಬಿ, ಒಂದೊಂದಕ್ಕೂ ಒಂದೊಂದು ಅಳತೆ ಹಾಕಿ, ಯಾವುದರಲ್ಲಿ ಕೊಳೆ ಚೆನ್ನಾಗಿ ಕೂರುತ್ತದೆಂದು ನೋಡುವಳು. ಯಂತ್ರ ಅಳೆಯುವ ಮೊದಲೇ ಅವಳ ಕಣ್ಣು ಹೇಳುತ್ತಿತ್ತು.

ಕಲಸಿದ ಪಾಲಿಮರು ಅಂಗೈಗೆ ಹತ್ತಿದರೆ ಎರಡು ದಿನ ಹೋಗದು. ಹಾಗಾಗಿ ಕಾರ್ಖಾನೆಯಲ್ಲಿ ಅವಳಿಗೆ ಲೋಳೆಯಕ್ಕ ಎಂದೇ ಹೆಸರಾಯಿತು. ಪಂಪುಗಳನ್ನು ನೋಡಿಕೊಳ್ಳುತ್ತಿದ್ದ ಮುದುಕ, ಎಲ್ಲರ ಬಾಯಲ್ಲಿ ಪಂಪಿನಜ್ಜ, ಹೊಸಬರಿಗೆಲ್ಲ ಹೇಳುತ್ತಿದ್ದ: “ನಮ್ಮ ಲೋಳೆಯಕ್ಕನ ಆಯಸ್ಸು ಗಟ್ಟಿ. ಯಮ ಬಂದು ಕೈ ಹಿಡಿದರೂ ಜಾರಿಬಿಡ್ತಾಳೆ.”

ತಮ್ಮ ಎರಡು ವರ್ಷ ಅವಳ ಜೊತೆ ಮಾತು ಬಿಟ್ಟಿದ್ದ. ಮೂರನೆಯ ವರ್ಷ ಒಂದು ಭಾನುವಾರ ಬಂದು, ಏನೂ ಆಗದವನ ಹಾಗೆ ತಟ್ಟೆಯ ಮುಂದೆ ಕೂತ. ಅವಳು ಬಡಿಸಿದಳು. ಬಿಸಿ ಪಾತ್ರೆಯ ಕೆಳಗಿದ್ದ ಕಬ್ಬಿಣದ ಚಕ್ರವನ್ನು ಅವನು ನೋಡಿದ, ತುತ್ತು ಕಲಸಿದ. ಅದೇ ಕಾರ್ಖಾನೆಯ ಬಣ್ಣದ ಮನೆಯಲ್ಲಿ ಅವನು ಕಡಾಯಿ ನೋಡುವ ಆಳಾಗಿದ್ದವನು. ಧಣಿ ಅವನನ್ನು ಮೇಸ್ತ್ರಿ ಮಾಡಿದರು. ಅದು ತಾಯಿಯ ಕಾಲಿನ ಬೆಲೆ ಎಂದು ಜನ ಆಡಿಕೊಂಡರು. ಹಾಗೆ ಅಂದವನೊಬ್ಬನ ಎರಡು ಹಲ್ಲನ್ನು ತಮ್ಮ ಉದುರಿಸಿದ ಮೇಲೆ ಆಡಿಕೊಳ್ಳುವುದು ನಿಂತಿತು. ನಂಬುವುದು ನಿಲ್ಲಲಿಲ್ಲ.

ಹೀಗೆ ಹತ್ತು ವರ್ಷ ವಾಲ್ವು ತಿರುಗಲಿಲ್ಲ.

ಹನ್ನೊಂದನೆಯ ವರ್ಷ ಕಪ್ಪು ಬಟ್ಟೆಯ ಒಂದು ಭಾರಿ ಆರ್ಡರು ಬಂತು. ಮೂರು ಹಗಲು ಮೂರು ರಾತ್ರಿ ಕಡಾಯಿಗಳು ಆರಲಿಲ್ಲ. ಸಂಗ್ರಹ ತೊಟ್ಟಿ ಅಂಚಿಗೆ ಒಂದು ಗೇಣು ಬಾಕಿ ಇರುವಷ್ಟು ತುಂಬಿಕೊಂಡಿತು. ಔಷಧದ ತೊಟ್ಟಿ ತನ್ನ ಶಕ್ತಿಯಷ್ಟನ್ನೇ ಎಳೆದುಕೊಳ್ಳಬಲ್ಲದು. ಕೊಳೆಗೆ ಕೂರಲು ಎರಡು ಗಂಟೆ ಬೇಕೇ ಬೇಕು, ಧಣಿಯ ಅವಸರ ಅದಕ್ಕೆ ತಿಳಿಯುವುದಿಲ್ಲ. ನಾಲ್ಕನೆಯ ದಿನ ಹನ್ನೆರಡು ಗಂಟೆಗೆ ಬಟ್ಟೆ ಕೊಳ್ಳುವ ಕಂಪನಿಯವರು ಈ ಶೆಡ್ಡನ್ನೇ ನೋಡಲು ಬರುವವರಿದ್ದರು. ತುಂಬಿ ಚೆಲ್ಲುವ ತೊಟ್ಟಿಯನ್ನು ಅವರ ಕಣ್ಣಿಗೆ ಬೀಳಿಸುವಂತಿರಲಿಲ್ಲ.

ಹತ್ತು ಗಂಟೆಗೆ ತಮ್ಮ ಬಂದ. ಜೊತೆಗೆ ಬಣ್ಣದ ಮನೆಯ ಇಬ್ಬರು. ಒಬ್ಬನನ್ನು ಅವನ ಕತ್ತಿನ ಗಾತ್ರಕ್ಕೆ ಗೂಳಿ ಎಂದು ಕರೆಯುತ್ತಿದ್ದರು, ಇನ್ನೊಬ್ಬನನ್ನು ಅವನ ಕಣ್ಣಿಗೆ ಮೆಳ್ಳ ಎಂದು. ತಮ್ಮನ ಕೈಯಲ್ಲಿ ಎರಡು ಮೊಳದ ಪೈಪ್ ಸ್ಪಾನರ್ ಇತ್ತು. ಚಕ್ರವಿಲ್ಲದ ವಾಲ್ವನ್ನು ಅದರಿಂದ ಮಾತ್ರ ತಿರುಗಿಸಬಹುದು.

ಅದನ್ನು ನೋಡಿದ ಕೂಡಲೇ ಅವಳು ಹೋಗಿ ವಾಲ್ವಿನ ಮುಂದೆ ನಿಂತಳು.

“ಅಕ್ಕ, ಪಕ್ಕಕ್ಕೆ ಹೋಗು.”

“ಚಹಾ ಕುಡಿದೆಯೇನೋ?”

“ತಮಾಷೆ ಬೇಡ. ಹನ್ನೆರಡಕ್ಕೆ ಅವರು ಬರ್ತಾರೆ. ಅಷ್ಟರಲ್ಲಿ ತೊಟ್ಟಿ ಅರ್ಧ ಇಳೀಬೇಕು.”

“ನಾಲ್ಕು ಗಂಟೆ ಕಡಾಯಿ ನಿಲ್ಲಿಸು. ನಾನೇ ಇಳಿಸಿಕೊಡ್ತೀನಿ, ತಿಳಿ ಮಾಡಿ.”

“ಈಗ ನಿಲ್ಲಿಸಿದ್ರೆ ಕಪ್ಪು ಕಲೆಕಲೆ ಆಗುತ್ತೆ. ಮೂರು ದಿನದ ಬಟ್ಟೆ ಹೋಗುತ್ತೆ. ಅದರ ಜೊತೆ ನನ್ನ ತಲೆನೂ ಹೋಗುತ್ತೆ.”

ಗೂಳಿ ಹಿಂದಿನಿಂದ ಬುದ್ಧಿ ಹೇಳಿದ. “ಇನ್ನೆರಡು ಹಿಡಿ ಪುಡಿ ಜಾಸ್ತಿ ಹಾಕಿ ಬೇಗ ಕೂರಿಸಕ್ಕ.”

“ಜಾಸ್ತಿ ಹಾಕಿದ್ರೆ ಕೂತ ಕೊಳೆನೂ ಎದ್ದು ಬರುತ್ತಪ್ಪ. ಅದೂ ನಿನ್ನ ಹಾಗೇ. ತಿಂದಷ್ಟೂ ಕೆಲಸಕ್ಕೆ ಬರಲ್ಲ.”

ಪಂಪಿನಜ್ಜ ಮೂಲೆಯಲ್ಲಿ ಕಿಸಕ್ಕೆಂದ. ತಮ್ಮ ನಗಲಿಲ್ಲ. ಅವಳ ಭುಜ ಹಿಡಿದು ಪಕ್ಕಕ್ಕೆ ತಳ್ಳಲು ನೋಡಿದ. ಅವಳು ಕದಲಲಿಲ್ಲ.

“ಅಕ್ಕ, ಅಮ್ಮ ಕಾಲುವೆಯಲ್ಲಿದ್ದದ್ದು ಹಣೆಬರಹ. ಇವತ್ತು ಅಲ್ಲಿ ಯಾರೂ ಇಲ್ಲ, ಮೆಳ್ಳ ಹೋಗಿ ನೋಡಿಕೊಂಡು ಬಂದಿದಾನೆ.”

“ಇವನ ಕಣ್ಣು ನಂಬಿ ಬಂದಿದೀಯಾ? ದಡದಲ್ಲಿ ಒಬ್ಬರಿದ್ದರೆ ಇವನಿಗೆ ಇಬ್ಬರು ಕಾಣ್ತಾರೆ, ಇಬ್ಬರಿದ್ದರೆ ಯಾರೂ ಕಾಣಲ್ಲ.” ಆಮೇಲೆ ಅವಳ ದನಿ ಇಳಿಯಿತು. “ಅವತ್ತು ಇದನ್ನ ತೆರೆದೆ ಅಂತ ಒಂದು ಕೈ ಮುರಿದೆ. ಇವತ್ತು ತೆರೆಯಲ್ಲ ಅಂತ ಇನ್ನೊಂದನ್ನೂ ಮುರಿದುಬಿಡು. ಜೋಡಿ ಆಗುತ್ತೆ.”

ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಕೈ ಎತ್ತಿದ್ದು ಅವಳಿಗೆ ಕಾಣಿಸಲೂ ಇಲ್ಲ. ಹಿಂಗೈಯ ಏಟು ಬಾಯಿಯ ಮೇಲೆ ಬಿತ್ತು. ಕೆಳತುಟಿ ಸೀಳಿ, ಹಲ್ಲೊಂದು ನಾಲಿಗೆಯ ಮೇಲೆ ಬಂದು ನಿಂತಿತು. ಅವಳು ಹಲ್ಲನ್ನು ಉಗಿದು, ವಾಲ್ವಿನ ದಂಡವನ್ನು ಎರಡೂ ಕೈಯಿಂದ ತಬ್ಬಿಕೊಂಡು ಕುಳಿತುಬಿಟ್ಟಳು. ಅವನು ಜಡೆ ಹಿಡಿದು ಎಳೆದ. ಬಿಡಲಿಲ್ಲ. ಪಕ್ಕೆಗೆ ಒದ್ದ. ಒಮ್ಮೆ ಒದ್ದವನು, ಒದೆಯಬಲ್ಲೆ ಎಂದು ತನಗೇ ಗೊತ್ತಾದ ಮೇಲೆ, ಮತ್ತೆ ಮತ್ತೆ ಒದ್ದ. ನಾಲ್ಕನೆಯದಕ್ಕೆ ಒಳಗೆಲ್ಲೋ ಪಕ್ಕೆಲುಬು ಮುರಿಯಿತು. ಉಸಿರು ಒಳಕ್ಕೆ ಹೋದದ್ದು ಹೊರಗೆ ಬರಲಿಲ್ಲ, ಕೈ ಸಡಿಲವಾಯಿತು. ಗೂಳಿ ಅವಳ ಕಾಲು ಹಿಡಿದು ಗೋಡೆಯವರೆಗೆ ದರದರನೆ ಎಳೆದುಕೊಂಡು ಹೋದ.

ಅಷ್ಟರಲ್ಲಿ ಪಂಪಿನಜ್ಜ ಎದ್ದ. ಎಪ್ಪತ್ತರ ಹತ್ತಿರದ ಮುದುಕ, ಮೂರು ಹೊತ್ತೂ ಬೆನ್ನು ನೋವೆಂದು ನರಳುವವನು, ಪಂಪು ಕಚ್ಚಿಕೊಂಡಾಗ ಬಿಡಿಸುವ ಕಬ್ಬಿಣದ ಸರಳೆತ್ತಿಕೊಂಡು ಬಂದು ಮೆಳ್ಳನ ಭುಜಕ್ಕೆ ಬಾರಿಸಿದ. ಮೆಳ್ಳ ಊಳಿಟ್ಟು ಕುಸಿದ. ಗೂಳಿ ತಿರುಗಿ ಅಜ್ಜನ ಕುತ್ತಿಗೆಗೆ ಕೈ ಹಾಕಿ, ಅವನ ತಲೆಯನ್ನು ಪಂಪಿನ ಎರಕದ ಕವಚಕ್ಕೆ ಬಡಿದ. ತೆಂಗಿನಕಾಯಿ ಒಡೆದ ಸದ್ದು. ಎರಡನೆಯ ಸಲ ಬಡಿದು, ತಾನೇ ಹೆದರಿದವನ ಹಾಗೆ ಅತ್ತ ಎಸೆದ. ಅಜ್ಜ ಹೋಗಿ ಬಿದ್ದದ್ದು ಪಾಲಿಮರು ಚೀಲಗಳ ಅಟ್ಟಿಯ ಮೇಲೆ. ಮೇಲಿನ ಚೀಲ ಉರುಳಿ, ಬಾಯಿ ಹರಿದು, ಇಪ್ಪತ್ತೈದು ಕಿಲೋ ಬಿಳಿಪುಡಿ ವಾಲ್ವಿನ ಸುತ್ತ, ತೊಟ್ಟಿಯ ಕಟ್ಟೆಯವರೆಗೆ ಹರಡಿಕೊಂಡಿತು. ಅಜ್ಜನ ಕಿವಿಯಿಂದ ಇಳಿದ ರಕ್ತ ಅದರ ಅಂಚಿಗೆ ಬಂದು ನಿಂತಿತು.

ತೊಟ್ಟಿಯ ನಡುವೆ ನೀರು ಕಲಕುವ ಉಕ್ಕಿನ ರೆಕ್ಕೆ ಮಾತ್ರ ಗುಡುಗುಡು ತಿರುಗುತ್ತಿತ್ತು.

“ಉಸಿರಾಡ್ತಿದಾನೆ,” ಅಂದ ಗೂಳಿ, ಅಜ್ಜನ ಮೂಗಿನ ಬಳಿ ಬೆರಳಿಟ್ಟು.

“ಹೊರಗೆ ಎತ್ತಿ ಮಲಗಿಸು,” ಅಂದ ತಮ್ಮ. “ಅವರು ಬರೋ ಹೊತ್ತಾಯ್ತು. ನೀರು ಬಿಟ್ಟು ಎಲ್ಲ ತೊಳೆದುಬಿಡಿ. ರಕ್ತ, ಪುಡಿ, ಎಲ್ಲ.”

ಬಣ್ಣದ ಮನೆಯವರಿಗೆ ಎಲ್ಲದಕ್ಕೂ ನೀರೇ ಮದ್ದು. ಕಡಾಯಿಗೆ ನೀರು, ನೆಲಕ್ಕೆ ನೀರು, ಸುಟ್ಟ ಕೈಗೆ ನೀರು. ಹುಟ್ಟಿನಿಂದ ಅದೇ ಅಭ್ಯಾಸ. ನೀರಿನ ಶೆಡ್ಡಿನವರ ಮಾತು ಬೇರೆ. ಅಲ್ಲಿ ಹೊಸಬರು ಬಂದ ದಿನವೇ ಲೋಳೆಯಕ್ಕ ಅವರ ಕಿವಿ ಹಿಡಿದು ಹೇಳುವ ಮೊದಲ ಪಾಠ: ಪುಡಿ ಚೆಲ್ಲಿದರೆ ಪೊರಕೆ, ನೀರು ಮಾತ್ರ ಕೂಡದು. ಒಣ ಪುಡಿ ಸಕ್ಕರೆಯಷ್ಟೇ ಸಾಧು. ನೀರು ಸೋಕಿತೋ, ನೆಲ ನೆಲವಾಗಿ ಉಳಿಯುವುದಿಲ್ಲ. ಕಾಲಿಟ್ಟವನು ಎಲ್ಲಿ ನಿಲ್ಲುತ್ತಾನೆಂದು ಹೇಳಬಲ್ಲವರು ಯಾರೂ ಇಲ್ಲ.

ತಮ್ಮ ಆ ಶೆಡ್ಡಿನಲ್ಲಿ ಎಂದೂ ಹೊಸಬನಾಗಿ ನಿಂತವನಲ್ಲ.

ಗೋಡೆಗೆ ಒರಗಿ ಬಿದ್ದಿದ್ದ ಅವಳು, ಗೂಳಿ ಅಜ್ಜನನ್ನು ಹೊರಗೆ ಮಲಗಿಸಿ ಬಂದು ರಬ್ಬರ್ ಕೊಳವೆ ಬಿಚ್ಚುವುದನ್ನು ನೋಡಿದಳು. ತಮ್ಮ ಸ್ಪಾನರ್ ಹಿಡಿದು ವಾಲ್ವಿನ ಮೇಲೆ ಬಾಗುವುದನ್ನು ನೋಡಿದಳು. ಅವನ ಬೆನ್ನ ಹಿಂದೆ ತೊಟ್ಟಿಯ ಕಟ್ಟೆ ಮೊಣಕಾಲೆತ್ತರ, ಅದರಾಚೆ ಬಿಸಿ ಕಪ್ಪು ನೀರು. ಬೇಡ ಅನ್ನಲು ತುಟಿ ಸೀಳಿದ್ದು ಅಡ್ಡಿಯಲ್ಲ. ಉಸಿರೂ ಅಷ್ಟೊತ್ತಿಗೆ ಮರಳಿ ಬಂದಿತ್ತು. ಮಾತು ನಾಲಿಗೆಯ ಮೇಲೇ ಇತ್ತು. ಯಾವತ್ತೂ ನುಂಗಲು ಬಾರದವಳು ಅದನ್ನು ಬಾಯಿತುಂಬ ಇದ್ದ ರಕ್ತದ ಜೊತೆ ನುಂಗಿದಳು. ಬೀಳಲಿ, ಅಂದುಕೊಂಡಳು.

ನೀರು ಬಿತ್ತು. ಮೊದಲು ಬಿದ್ದವನು ಗೂಳಿ, ಎರಡೂ ಕಾಲು ಮೇಲಾಗಿ, ಬೆನ್ನಡಿಯಾಗಿ. ಭುಜ ಹಿಡಿದು ಕುಳಿತಿದ್ದ ಮೆಳ್ಳ ಅಷ್ಟು ನೋವಿನಲ್ಲೂ ನಕ್ಕುಬಿಟ್ಟ. ತಮ್ಮ ಏನಾಯಿತೆಂದು ತಿರುಗಿ ನೋಡಲಿಲ್ಲ. ಸ್ಪಾನರನ್ನು ದಂಡಕ್ಕೆ ಸಿಕ್ಕಿಸಿ, ಕಾಲೂರಿ, ಇಡೀ ಬಲ ಹಾಕಿ ಎಳೆದ. ಹತ್ತು ವರ್ಷದ ತುಕ್ಕು ಕಿರ್ ಎಂದು ಬಿಟ್ಟುಕೊಟ್ಟಿತು. ಅದೇ ಗಳಿಗೆಗೆ ಅವನ ಕಾಲ ಕೆಳಗಿನ ನೆಲವೂ ಬಿಟ್ಟುಕೊಟ್ಟಿತು. ಮೊಣಕಾಲಿನ ಹಿಂಬದಿ ಕಟ್ಟೆಗೆ ಬಡಿದು, ಸ್ಪಾನರ್ ಅಲ್ಲೇ ನೇತಾಡಿ, ಅವನು ಹಿಂದಕ್ಕೆ ಮಗುಚಿ ಕಪ್ಪು ನೀರಿಗೆ ಬಿದ್ದ.

ಒಮ್ಮೆ ಮೇಲೆ ಬಂದ. “ಅಕ್ಕ” ಅಂದ. ಕಟ್ಟೆ ಹಿಡಿದ ಬೆರಳುಗಳು ಬೆಣ್ಣೆ ಹಿಡಿದಂತೆ ಜಾರಿದವು. ನೀರಿನ ಸುಳಿ ಅವನನ್ನು ನಡುವಿನ ರೆಕ್ಕೆಯ ಕಡೆಗೆ ಎಳೆದುಕೊಂಡು ಹೋಯಿತು.

ಅವಳು ಮೂರು ಉಸಿರಿನಷ್ಟು ಹೊತ್ತು ಸುಮ್ಮನಿದ್ದಳು. ಆ ಮೂರು ಉಸಿರನ್ನು ಆಮೇಲೆ ಅವಳು ಯಾರ ಮೇಲೂ ಹೊರಿಸಲಿಲ್ಲ.

ನಾಲ್ಕನೆಯದಕ್ಕೆ ಎದ್ದಳು. ಬಣ್ಣ ಹಿಡಿಸಲು ತರುವ ಉಪ್ಪಿನ ಚೀಲಗಳು ಬಾಗಿಲ ಬಳಿಯೇ ಪೇರಿಸಿದ್ದವು. ಒಂದನ್ನು ಉಗುರಿನಿಂದ ಹರಿದು, ಮುಂದೆ ಮುಂದೆ ಉಪ್ಪು ಎರಚುತ್ತ, ಅದರ ಮೇಲೆ ಮಂಡಿಯೂರಿ ಸರಿದಳು. ಉಪ್ಪು ಬಿದ್ದಲ್ಲಿ ಲೋಳೆ ಸಾಯುತ್ತದೆ. ಅವಳ ಮಂಡಿಯ ಗಾಯಕ್ಕೂ, ತುಟಿಗೂ ಉಪ್ಪು ಹೊಕ್ಕಿತು. ಗೋಡೆಯ ಕೆಂಪು ಗುಂಡಿ ಒತ್ತಿದಳು. ರೆಕ್ಕೆ ನಿಲ್ಲುವ ಮೊದಲು ಇನ್ನೆರಡು ಸುತ್ತು ತಿರುಗಿತು, ಎರಡನೆಯ ಸುತ್ತಿನಲ್ಲಿ ಯಾವುದಕ್ಕೋ ತಾಗಿ ತಡವರಿಸಿತು. ತಮ್ಮನ ಬಾಯಿಂದ ಬಂದದ್ದು ಮನುಷ್ಯರ ದನಿಯಾಗಿರಲಿಲ್ಲ.

ಕೆಸರು ಎಳೆಯುವ ಉದ್ದ ಕೋಲಿನ ಕೊಕ್ಕೆಯನ್ನು ಅವನ ಅಂಗಿಗೆ ಸಿಕ್ಕಿಸಿ ಎಳೆದಳು. ತೆವಳಿಕೊಂಡು ಬಂದ ಗೂಳಿಯೂ ಕೈ ಹಾಕಿದ. ಮೇಲೆ ಬಂದಾಗ ಬಲಗಾಲು ಮೊಣಕಾಲಿನ ಕೆಳಗೆ ಬರೀ ಚರ್ಮಕ್ಕೆ ಅಂಟಿಕೊಂಡು ನೇತಾಡುತ್ತಿತ್ತು. ಆ ತೊಟ್ಟಿಯ ನೀರಿನಲ್ಲಿ ರಕ್ತ ಕಾಣಿಸುವುದಿಲ್ಲ, ನೆಲಕ್ಕೆ ಬಂದ ಮೇಲೆಯೇ ಕಂಡದ್ದು. ಅವಳು ಗೂಳಿಯ ಬೆಲ್ಟು ಬಿಚ್ಚಿ ತೊಡೆಗೆ ಬಿಗಿದಳು.

ಆಗಲೇ ಅವಳಿಗೆ ಆ ಸದ್ದು ಕೇಳಿಸಿದ್ದು. ನೆಲದಡಿಯ ಕೊಳವೆಯೊಳಗೆ ನೀರು ಹರಿಯುವ ಸದ್ದು. ವಾಲ್ವು ಕಾಲು ಸುತ್ತು ತೆರೆದಿತ್ತು.

“ಇದನ್ನ ಬಿಗಿಯಾಗಿ ಹಿಡಿ. ಬಿಟ್ಟರೆ ನಿನ್ನ ಕೊಲ್ತೀನಿ,” ಎಂದು ಬೆಲ್ಟಿನ ತುದಿಯನ್ನು ಗೂಳಿಯ ಕೈಗೆ ಕೊಟ್ಟು, ತಮ್ಮನ ಬೆರಳುಗಳಿಂದ ತನ್ನ ಸೆರಗು ಬಿಡಿಸಿಕೊಂಡು, ಅವಳು ಮತ್ತೆ ಉಪ್ಪು ಎರಚುತ್ತ ವಾಲ್ವಿನ ಕಡೆ ಸರಿದಳು. ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡ ಎಡಗೈ, ಮುರಿದ ಪಕ್ಕೆಲುಬು. ಸ್ಪಾನರಿಗೆ ಎದೆ ಕೊಟ್ಟು ತಳ್ಳಿದಳು. ಸದ್ದು ನಿಲ್ಲುವವರೆಗೂ ತಳ್ಳಿದಳು. ತಮ್ಮ ಕಣ್ಣು ಬಿಟ್ಟುಕೊಂಡೇ ಇದ್ದ, ಎಲ್ಲವನ್ನೂ ನೋಡುತ್ತಿದ್ದ.

ಅವನ ಕಾಲು ಉಳಿಯಲಿಲ್ಲ. ಪಂಪಿನಜ್ಜ ಉಳಿದ, ಒಂದು ಕಿವಿ ಹೋಯಿತು. “ಇನ್ನು ಅರ್ಧ ಬೈಗುಳ ಕೇಳಿದರೆ ಸಾಕು,” ಅಂದ.

ಮೂರನೆಯ ದಿನ ಧಣಿ ಹಣ್ಣಿನ ಬುಟ್ಟಿ ಹಿಡಿಸಿಕೊಂಡು ಆಸ್ಪತ್ರೆಗೆ ಬಂದರು. ಮರುದಿನ ಪೊಲೀಸಿನವರು ಹೇಳಿಕೆ ಬರೆದುಕೊಳ್ಳಲು ಬರುವವರಿದ್ದರು. “ನೆಲ ತೊಳೀತಿದ್ದೆ, ಜಾರಿ ಬಿದ್ದೆ ಅನ್ನು. ಮೇಸ್ತ್ರಿ ಕೆಲಸ ಸಾಯೋವರೆಗೂ ನಿನ್ನದೇ. ಇಲ್ಲ, ಅಕ್ಕ ಬೇಕಂತಲೇ ಬೀಳಿಸಿದಳು ಅನ್ನು, ಅದೂ ನಡೆಯುತ್ತೆ. ವಾಲ್ವಿನ ಮಾತೊಂದು ಬೇಡ,” ಎಂದು ತಲೆ ಸವರಿ ಹೋದರು. ಆ ಹೊತ್ತಿಗಾಗಲೇ ಲೋಳೆಯಕ್ಕನನ್ನು ಕೆಲಸದಿಂದ ತೆಗೆದಾಗಿತ್ತು. ಹೊಸ ಚಕ್ರ ತರಿಸಿದ್ದರು. ಅದನ್ನು ತಿರುಗಿಸಲು ಹೇಳಿದ್ದಕ್ಕೆಲ್ಲ ಹೂಂ ಅನ್ನುವ ಒಬ್ಬನನ್ನೂ ತರಿಸಿ ಆಗಿತ್ತು.

ಕೊಳವೆ ಇದೆಯೆಂದು ಕಾಗದದ ಮೇಲೆ ಹೇಳಬಲ್ಲವನು ಈಗ ತಮ್ಮನೊಬ್ಬನೇ. ಗೂಳಿಯೂ ಮೆಳ್ಳನೂ ಊರು ಬಿಟ್ಟಿದ್ದರು, ತಲೆಗೆ ಏಟು ಬಿದ್ದ ಅಜ್ಜನ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಕೆಲಸ ಕಳೆದುಕೊಂಡವಳ ಮಾತಿಗೆ ಹೊಟ್ಟೆಕಿಚ್ಚು ಎಂಬ ಹೆಸರು ಸಿದ್ಧವಾಗಿತ್ತು. ಇದೆಲ್ಲ ಗೊತ್ತಿದ್ದೇ ಅವಳು ಮರುದಿನ ಬೆಳಿಗ್ಗೆ, ಪೊಲೀಸಿನವನು ಬರುವ ಮೊದಲು, ಎದೆಗೆ ಪಟ್ಟಿ ಬಿಗಿದುಕೊಂಡು ತಮ್ಮನ ಮಂಚದ ಬಳಿ ಹೋಗಿ ಕುಳಿತಳು. ಸ್ಟೀಲ್ ಲೋಟದಲ್ಲಿ ಹಾಲು ಬಗ್ಗಿಸಿ ಕೊಟ್ಟಳು.

ಅವನು ಕುಡಿಯಲಿಲ್ಲ. ಹೊದಿಕೆ ಚಪ್ಪಟೆಯಾಗಿ ಮಲಗಿದ್ದ ಜಾಗವನ್ನು ನೋಡುತ್ತ ಕೇಳಿದ: “ಕಾಲು ಹೀಗಿತ್ತು, ನೀನು ವಾಲ್ವಿನ ಹತ್ತಿರ ಹೋದೆ.”

“ಹೋದೆ.”

“ನಾನು ಸತ್ತಿದ್ರೆ?”

“ಮುಚ್ಚಿ ಬಂದು ಅಳ್ತಿದ್ದೆ.”

ಅವನು ಹಾಲಿನ ಲೋಟವನ್ನು ಕೈಯಲ್ಲೇ ತಿರುಗಿಸಿದ. “ಇನ್ನೊಂದು ಕೇಳ್ತೀನಿ. ನೀರು ಹಾಕಿದ್ರೆ ಹಾಗೆ ಆಗುತ್ತೆ ಅಂತ ನಿನಗೆ ಗೊತ್ತಿತ್ತಾ?”

ಇಲ್ಲ ಅಂದುಬಿಡಬಹುದಿತ್ತು. ನೋವಿನಲ್ಲಿ ಎಚ್ಚರ ತಪ್ಪಿತ್ತು ಅನ್ನಬಹುದಿತ್ತು. ಹಾಗೆ ಅಂದರೆ ಅವನು ಅಕ್ಕನ ಕಡೆ ನಿಂತು ಕೊಳವೆಯ ಮಾತೆತ್ತಬಹುದು. ಗೊತ್ತಿತ್ತು ಅಂದರೆ ಧಣಿ ಕಲಿಸಿದ ಎರಡನೆಯ ಮಾತು ಅವನ ಬಾಯಿಗೆ ತಾನಾಗಿ ಬರುತ್ತದೆ. ಅವಳು ಜೈಲಿಗೆ, ನೀರು ಕಾಲುವೆಗೆ. ಒಂದು ಸುಳ್ಳಿಗೆ ಆ ಕೊಳವೆ ಮುಚ್ಚುವುದಿತ್ತು. ಅವಳು ಅವನ ಮುಖ ನೋಡಿದಳು. ಅಲ್ಲಿ ತಾಯಿಯ ಹುಬ್ಬು ಇತ್ತು.

“ಗೊತ್ತಿತ್ತು. ಬೇಡ ಅನ್ನೋಕೆ ಬಾಯಿಯೂ ಬರ್ತಿತ್ತು. ಅನ್ನಲಿಲ್ಲ.”

ಲೋಟ ಬಂದು ಅವಳ ಹಣೆಗೆ ಬಡಿಯಿತು. ಹಾಲೂ ರಕ್ತವೂ ಒಟ್ಟಿಗೆ ಕೆನ್ನೆಗೆ ಇಳಿದವು. ಅವನು ಮಂಚದಿಂದ ಬಾಗಿ ಅವಳ ಕುತ್ತಿಗೆಗೆ ಕೈ ಹಾಕಿದ. ಇಲ್ಲದ ಕಾಲಿನ ಮೇಲೆ ಭಾರ ಹಾಕಲು ಹೋಗಿ ಮುಗ್ಗರಿಸಿ ಅವಳ ಮೇಲೇ ಬಿದ್ದ. ಇಬ್ಬರೂ ನೆಲಕ್ಕೆ ಬಂದರು. ಅವನ ಹೆಬ್ಬೆರಳು ಅವಳ ಗಂಟಲಿನ ಮೇಲಿತ್ತು, ಒತ್ತುತ್ತಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ. ಎರಡೂ ಕೈಯಿಂದ ಅವನ ಮೊಂಡುಗಾಲಿನ ಹೊಲಿಗೆ ನೆಲಕ್ಕೆ ತಾಗದಂತೆ ಎತ್ತಿ ಹಿಡಿದಿದ್ದಳು. ಅದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಹೆಬ್ಬೆರಳು ಸಡಿಲವಾಯಿತು.

ನರ್ಸು ಬಂದು ಬೇರೆ ಮಾಡುವಾಗ ಬಾಗಿಲಲ್ಲಿ ಪೊಲೀಸಿನವನು ಕಾಗದ ಹಿಡಿದು ನಿಂತಿದ್ದ. “ಆಮೇಲೆ ಬರ್ಲಾ?” ಅಂದ.

“ಈಗಲೇ ಬರ್ಕೊಳ್ಳಿ,” ಅಂದ ತಮ್ಮ, ಏದುಸಿರಿನ ನಡುವೆ. “ಧಣಿ ಹೇಳಿದ್ದಕ್ಕೆ ಕಳ್ಳ ವಾಲ್ವು ತೆರೆಯೋಕೆ ಹೋದೆ. ಇವಳನ್ನ ಹೊಡೆದೆ. ಅಜ್ಜನ ತಲೆ ಒಡೆಸಿದೆ. ಕೊಳವೆ ಎಲ್ಲಿದೆ, ಎಲ್ಲಿಗೆ ಹೋಗುತ್ತೆ, ಎಲ್ಲ ತೋರಿಸ್ತೀನಿ. ಹತ್ತು ವರ್ಷದ ಹಿಂದೆ ಅದರ ನೀರಲ್ಲಿ ನಿಂತು ನಮ್ಮಮ್ಮ ಸತ್ತಳು, ಅದನ್ನೂ ಬರ್ಕೊಳ್ಳಿ.” ನಿಲ್ಲಿಸಿ ಅಕ್ಕನ ಕಡೆ ನೋಡಿದ. “ಇವಳಿಗೆ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದಳು. ಅದನ್ನೂ ಬಿಡಬೇಡಿ.”

“ಅದನ್ನ ಮೊದಲೇ ಬರೆಯಪ್ಪ,” ಅಂದಳು ಲೋಳೆಯಕ್ಕ, ಹಣೆಗೆ ಸೆರಗು ಒತ್ತಿಕೊಂಡು.

ಧಣಿಯ ಮೇಲೆ ಮೊಕದ್ದಮೆಯಾಯಿತು, ತಮ್ಮನ ಮೇಲೂ ಆಯಿತು, ಅವಳ ಮೇಲೂ ಒಂದು. ಮೂರೂ ಇನ್ನೂ ನಡೆಯುತ್ತಿವೆ. ಕೊಳವೆ ಮುಚ್ಚಲು ಮಾತ್ರ ಯಾರೂ ಕಾಯಲಿಲ್ಲ. ಎರಡು ವಾರದಲ್ಲಿ ಅಧಿಕಾರಿಗಳು ನೆಲ ಅಗೆಸಿ ಅದನ್ನು ಹೊರಗೆ ತೆಗೆಸಿದರು, ಗ್ಯಾಸಿನಿಂದ ಕತ್ತರಿಸಿದರು. ತೊಟ್ಟಿಯ ಕಡೆಯ ಬಾಯಿಗೆ ಬೆರಳುದಪ್ಪದ ಉಕ್ಕಿನ ತಗಡು ಬೆಸೆಯಲು ವೆಲ್ಡರ್ ಬಂದ. ಗುರುತು ಹೇಳಲು ಅವಳನ್ನು ಕರೆಸಿದ್ದರು. ಎಲ್ಲರೂ ಮುಖ ತಿರುಗಿಸಿ ನಿಂತರು. ಅವಳು ತಿರುಗಿಸಲಿಲ್ಲ.

“ಆ ಕಡೆ ನೋಡಮ್ಮ, ಕಣ್ಣು ಹೋಗುತ್ತೆ,” ಅಂದ ವೆಲ್ಡರ್.

“ನೀನು ನಿನ್ನ ಕೆಲಸ ನೋಡಪ್ಪ.”

ಕಿಡಿ ಒಂದು ಸುತ್ತು ಬಂದು ಮೊದಲಿನ ಜಾಗಕ್ಕೆ ಸೇರುವವರೆಗೂ ಅವಳು ರೆಪ್ಪೆ ಹೊಡೆಯದೆ ನೋಡಿದಳು.

ಸಂಜೆಯ ಹೊತ್ತಿಗೆ ಕಣ್ಣೊಳಗೆ ಮರಳು ಸುರಿದಂತಾಯಿತು, ರೆಪ್ಪೆ ತೆರೆಯಲಾಗಲಿಲ್ಲ. ಎರಡು ದಿನ ಅವಳು ಮನೆಯಲ್ಲಿ ಗೋಡೆ ತಡವಿಕೊಂಡು ಓಡಾಡಿದಳು. ಆಸ್ಪತ್ರೆಯಿಂದ ಬಂದ ತಮ್ಮ ಅಲ್ಲೇ ಇದ್ದ, ಬೇರೆಲ್ಲಿಗೆ ಹೋಗುತ್ತಾನೆ. ಊರುಗೋಲು ಕುಟ್ಟಿಕೊಂಡು ಬಂದು, ಒದ್ದೆ ಬಟ್ಟೆ ಹಿಂಡಿ ಅವಳ ಕಣ್ಣಿಗೆ ಇಟ್ಟ. ಇಡುವಾಗಲೂ ಮೆಲ್ಲಗೆ ಇಡಲಿಲ್ಲ, ಬಡಿದಂತೆಯೇ ಇಟ್ಟ.

“ಕುರುಡಿ ಆಗಿ ನನ್ನ ಕೈಲಿ ಸೇವೆ ಮಾಡಿಸ್ಕೋಬೇಕು ಅಂತ ಇದೆಯಾ?”

“ಸರಿಯಾಗಿ ಮುಚ್ಚುತ್ತಾನಾ ಅಂತ ನೋಡ್ತಿದ್ದೆ.”

“ಮುಚ್ಚಿದನಾ?”

“ಹೂಂ,” ಅಂದಳು. “ಕೊನೇಲಿ ಒಂದಿಷ್ಟು ಒರಟಾಗಿದೆ. ಆದ್ರೆ ಸೋರಲ್ಲ.”